ಹದಿಮೂರು ಪ್ರಶ್ನೆ, ಹದಿಮೂರು ‘ಇಲ್ಲ’

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲೊಂದು ಅಂಗನವಾಡಿ. ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ ನಿಖತ್ ಅಲ್ಲಿಗೆ ಒಂದು ಕಟ್ಟು ಫಾರಂ ಹಿಡಿದು ಬಂದಿದ್ದಳು...

ಒಂದೊಂದು ಫಾರಂನಲ್ಲೂ ಹದಿಮೂರು ಪ್ರಶ್ನೆ. ಹಲ್ಲಿನ ತೊಂದರೆಯಿಂದ ಮಗುವಿನ ಊಟ, ನಿದ್ದೆ, ಆಟ, ನಗು ಎಷ್ಟು ಕೆಟ್ಟಿದೆ ಎಂದು ತಾಯಂದಿರನ್ನು ಕೇಳಿ ಅಂಕ ಹಾಕಬೇಕು.

ಮೊತ್ತ ಹತ್ತು ಅಂಕ ದಾಟಿದ ಮಕ್ಕಳಿಗೆ ಮಾತ್ರ ಗುರುವಾರದ ವ್ಯಾನಿನಲ್ಲಿ ಜಾಗ. ನಿಖತ್‌ಳ ಕಾಲೇಜಿನಲ್ಲಿ ಉಚಿತ ಚಿಕಿತ್ಸೆ.

ಕೊನೆಗೆ ಬಂದವಳು ಹಾಲಮ್ಮ. ಭಟ್ಟಿಯ ಕೆಲಸದಿಂದ ನೇರ ಬಂದಿದ್ದಳು, ತಲೆಗೂದಲಲ್ಲಿ ಹೊಟ್ಟು. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಸಿಂಚನ.

“ಮಗೀಗೆ ಹಲ್ಲು ನೋವು ಬರ್ತದಾ?”

“ಇಲ್ರಿ.”

“ಊಟಕ್ಕೆ ತೊಂದ್ರೆ?”

“ಇಲ್ರಿ. ಹಾಕಿದ್ದು ತಿಂತದೆ.”

“ನಿದ್ದೆ?”

“ಇಲ್ಲ ಅಂತ ಎಲ್ಲಾದಕ್ಕೂ ಬರ್ಕಳ್ರಿ ಡಾಕ್ಟ್ರಮ್ಮ. ನಂಗೆ ಭಟ್ಟಿಗೆ ಹೊತ್ತಾತು.”

ನಿಖತ್ ಹದಿಮೂರೂ ಕೇಳಿದಳು. ಹದಿಮೂರಕ್ಕೂ ‘ಇಲ್ಲ’. ಮೊತ್ತ ಸೊನ್ನೆ.

ನಿಖತ್‌ಗೆ ಸಮಾಧಾನವೇ ಆಯಿತು. ಬೇಗ ಮುಗಿದ ಫಾರಂ...

ಆಮೇಲೆ ಮಗುವಿನ ಬಾಯಿಗೆ ಟಾರ್ಚ್ ಬಿಟ್ಟಳು.

ಮೇಲಿನ ಮುಂದಿನ ಹಲ್ಲುಗಳು ಕಪ್ಪು ಮೋಟು. ಎಡಗಡೆಯ ದವಡೆ ಹಲ್ಲುಗಳು ಪೊಳ್ಳು.

ಇಂಥ ಬಾಯಿ ಅವಳು ಆ ವಾರ ಬೇಕಾದಷ್ಟು ನೋಡಿದ್ದಳು. ಏನೂ ಅನ್ನಿಸಲಿಲ್ಲ. ಕಂಡದ್ದನ್ನು ಬರೆದುಕೊಂಡಳು.

ಅಷ್ಟರಲ್ಲಿ ಟೀಚರ್ ಮಕ್ಕಳಿಗೆ ಶೇಂಗಾ ಚಿಕ್ಕಿ ಕೊಟ್ಟರು. ಎಲ್ಲರ ಬಾಯಲ್ಲೂ ಕಟಕಟ ಸದ್ದು.

ಸಿಂಚನ ಮಾತ್ರ ತನ್ನ ಚಿಕ್ಕಿಯನ್ನು ನೀರಿನ ಲೋಟಕ್ಕೆ ಹಾಕಿ, ಕೈ ಕಟ್ಟಿ ಕೂತಳು.

“ಯಾಕೆ ಪುಟ್ಟಿ?”

“ನೆನೀಬೇಕು.”

ಹಾಲಮ್ಮ ನಕ್ಕಳು. “ಅದು ಹಂಗೇರಿ. ರೊಟ್ಟಿನೂ ನೆನೆಸ್ಕಂಡೇ ತಿನ್ನೋದು. ನಾನೂ ಹಂಗೇ ತಿಂತೀನಿ. ನಮ್ಮನೇಲಿ ಎಲ್ರೂ ಹಂಗೇ.”

ಸಿಂಚನ ನಿಖತ್‌ಳ ಬಾಯನ್ನೇ ನೋಡುತ್ತಿದ್ದಳು.

“ಅಕ್ಕಾ, ನೀ ಯಾವ ಕಡೆ ಅಗಿತೀಯ?”

“ಎರಡೂ ಕಡೆ.”

ಮಗು ಅಮ್ಮನ ಕಡೆ ತಿರುಗಿ ಹೇಳಿತು... “ಸುಳ್ಳು ಹೇಳ್ತಾಳೆ.”

ನಿಖತ್ ಅಂಕ ತಿದ್ದಲಿಲ್ಲ. ಸೊನ್ನೆಯನ್ನು ಹಾಗೇ ಬಿಟ್ಟು, ವ್ಯಾನಿನ ಪಟ್ಟಿಯ ಕೊನೆಯಲ್ಲಿ ಸಿಂಚನಳ ಹೆಸರು ಬರೆದಳು.

ಗುರುವಾರ ಕಾಲೇಜಿನಲ್ಲಿ ಪ್ರೊಫೆಸರ್ ಪಟ್ಟಿಯ ಮೇಲೆ ಬೆರಳಿಟ್ಟು ನಿಂತರು. “ಸೊನ್ನೆ ಬಂದ ಮಗುನ ಯಾಕಮ್ಮ ಕರ್ಕೊಂಡು ಬಂದೆ?”

“ಸರ್, ಫಾರಂ ಕೇಳಿದ್ದು ತಾಯಿನ. ಬಾಯಿ ಮಗುದು.”

ಅವರು ಒಳಗೆ ಬಿಡಲು ಕೈ ಮಾಡಿದರು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ಸಿಂಚನ ಅಳಲಿಲ್ಲ. ಸೂಜಿಗೆ ಕಣ್ಣು ಕೂಡ ಮುಚ್ಚಲಿಲ್ಲ.

ಐದು ನಿಮಿಷ ಕಳೆಯಿತು... ಎಡಗೆನ್ನೆ ಜೋಮು ಹಿಡಿಯಿತು.

ಆಗ ಅವಳು ಅಳತೊಡಗಿದಳು.

“ಅವ್ವಾ... ನನ್ ಹಲ್ಲು ಹೋತು.”

ಹಲ್ಲು ಅಲ್ಲೇ ಇತ್ತು. ನಿಖತ್ ಇನ್ನೂ ಹಲ್ಲು ಕೀಳುವ ಇಕ್ಕಳ ಕೈಗೆತ್ತಿಕೊಂಡಿರಲಿಲ್ಲ.

ಕನ್ನಡಿ ತೋರಿಸಿದಳು. “ನೋಡು, ಇಲ್ಲೇ ಐತೆ.”

“ಇಲ್ಲ. ಹೋತು. ನಂಗೆ ಗೊತ್ತಾಗ್ತಿಲ್ಲ.”

ನಿಖತ್‌ಳ ಕೈಯಲ್ಲಿ ಕನ್ನಡಿ ಹಾಗೇ ನಿಂತಿತು.

ಬಾಯಲ್ಲಿ ಹಲ್ಲಿದೆ ಎಂಬುದನ್ನು ಆ ಮಗು ಇಷ್ಟು ದಿನ ನೋವಿನಿಂದಲೇ ಗುರುತು ಹಿಡಿದಿತ್ತು. ನೋವು ನಿಂತದ್ದೇ, ಹಲ್ಲೇ ಇಲ್ಲ ಅಂದುಕೊಂಡಿತು...

ಗೋಡೆಗೆ ಒರಗಿ ನಿಂತಿದ್ದ ಹಾಲಮ್ಮ ನಿಧಾನವಾಗಿ ತನ್ನ ಕೆನ್ನೆ ಮುಟ್ಟಿಕೊಂಡಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

“ಡಾಕ್ಟ್ರಮ್ಮ, ಆವತ್ತಿನ ಮೊದಲ್ನೇ ಪ್ರಶ್ನೆ ಇನ್ನೊಂದ್ಸಲ ಕೇಳ್ರಿ.”

“ಹಲ್ಲು ನೋವು ಬರ್ತದಾ?”

“ನೋವು ಅಂದ್ರೆ ಇದೇನಾ...” ಹಾಲಮ್ಮನ ದನಿ ಸಣ್ಣಗಾಯಿತು. “ನಾವು ಇದನ್ನೇ ಹಲ್ಲು ಅನ್ಕಂಡಿದ್ವಿ.”

ನಿಖತ್ ಹೊಸ ಫಾರಂ ತೆಗೆದುಕೊಂಡಳು. ಮೊದಲ ಪ್ರಶ್ನೆಯಿಂದ ಮತ್ತೆ ಶುರು ಮಾಡಿದಳು.

*ಅಭ್ಯಾಸವಾಗಿಹೋದ ನೋವನ್ನು ಯಾರೂ ನೋವು ಎಂದು ಕರೆಯುವುದಿಲ್ಲ.*

ನಿಮ್ಮ ಮನೆಯಲ್ಲಿ ಯಾವಾಗಲೂ ‘ಏನಿಲ್ಲ’ ಅನ್ನುವವರು ಊಟ ಮಾಡುವುದನ್ನು ನೀವು ಎದುರು ಕೂತು ನೋಡಿ ಎಷ್ಟು ದಿನವಾಯಿತು...?