ಒಂದು ಚಮಚ ಉಪ್ಪು

ಮೊದಲ ತುತ್ತಿಗೇ ಗಂಡ ಮುಖ ಸಿಂಡರಿಸಿದ. ಮಗಳು ನೀರಿನ ಲೋಟಕ್ಕೆ ಕೈ ಹಾಕಿದಳು. "ಅಮ್ಮಾ, ಸಮುದ್ರಾನೇ ಬೇಯಿಸಿಟ್ಟಿದೀಯಾ?"

ದಿನವಿಡೀ ಬಸ್ಸು ಓಡಿಸಿ ಬಂದವಳ ಅಂಗೈಯಲ್ಲಿ ಸ್ಟೀರಿಂಗ್ ಇನ್ನೂ ನಡುಗುತ್ತಲೇ ಇತ್ತು. ಬೆಳಗ್ಗೆ ನಿದ್ದೆಗಣ್ಣಿನಲ್ಲೇ ಬೇಳೆ, ತರಕಾರಿ ಎಲ್ಲವನ್ನೂ ತಾನಾಗಿ ನಿಧಾನಕ್ಕೆ ಬೇಯಿಸುವ ಸ್ಲೋ ಕುಕ್ಕರಿಗೆ ಸುರಿದು ಓಡಿದರೆ, ಸಂಜೆ ಬಂದು ಮುಚ್ಚಳ ತೆಗೆಯುವುದಷ್ಟೇ ಕೆಲಸ. ಆ ಒಂದು ಪಾತ್ರೆಯ ಮೇಲೆ ಅವಳ ಸಂಸಾರ ನಿಂತಿತ್ತು. ಮನೆಯಲ್ಲೇ ಇರುವ ಅತ್ತೆಯೋ, ಇಲ್ಲಿನ ಕಡ್ಡಿ ಎತ್ತಿ ಅಲ್ಲಿಡುವವರಲ್ಲ.

"ಹಾಕಿದ್ದು ಒಂದೇ ಚಮಚ," ಎಂದಳು ಸೋತ ದನಿಯಲ್ಲಿ. "ಇವತ್ತು ನಿಂತು, ನೋಡಿಯೇ ಹಾಕಿದೀನಿ."

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇವತ್ತು ಹಾಕಿರ್ತೀಯ ಅಂತ ನಾನೇನು ಕನಸು ಕಂಡಿದ್ನಾ? ಆ ನಿದ್ದೆಗಣ್ಣಲ್ಲಿ ನೀನು ಯಾವತ್ತಮ್ಮಾ ಉಪ್ಪು ಹಾಕಿದ್ದೆ? ದಿನಾ ಮಧ್ಯಾಹ್ನ ನಾನೇ ಹಾಕ್ತಿದ್ದೆ."

"ಒಂದು ಮಾತು ಹೇಳಬಾರ್ದಿತ್ತಾ?"

"ಏನಂತ ಹೇಳ್ಲಿ? ಇವರೆಲ್ಲ ನಿನ್ನ ಕೈರುಚಿ ಹೊಗಳೋವಾಗ ಮಾತ್ರ ನಿನ್ನ ಮುಖದಲ್ಲಿ ಒಂಚೂರು ಕಳೆ ಬರ್ತಿತ್ತು."

ಅವಳು ಮೇಜಿಗೆ ಕೈಯೂರಿ ಎದ್ದು, ಒಳಗಿನಿಂದ ಉಪ್ಪಿನ ಡಬ್ಬಿ ತಂದು ಅತ್ತೆಯ ತಟ್ಟೆಯ ಪಕ್ಕದಲ್ಲಿಟ್ಟಳು.

"ನಾಳೆಯಿಂದ ಮತ್ತೆ ಮರೀತೀನಿ, ಅತ್ತೆ."