ವಾಷಿಂಗ್ಟನ್ನಿನ ಕಾರು

ಕಾರಿನ ನಂಬರ್ ಪ್ಲೇಟು ಕಂಡ ಕೂಡಲೇ ಮಾರ್ಲಿಸ್ ಕೈಲಿದ್ದ ಕೆಲಸ ಬಿಟ್ಟು ಕಿಟಕಿಗೆ ಬಂದಳು. ಅದು ಮೊಂಟಾನಾ ರಾಜ್ಯದ್ದಲ್ಲ, ಕೇಂದ್ರ ಸರಕಾರದ್ದು. ಅಂಥ ಕಾರು ಟಾಲ್‌ಬಾಟ್ ಕ್ರೀಕ್‌ನಲ್ಲಿ ಅವಳ ಬಂದೂಕಿನ ಅಂಗಡಿಯ ಮುಂದೆ ನಿಂತಿದೆ ಎಂದರೆ ಒಳ್ಳೆಯದಕ್ಕಂತೂ ಅಲ್ಲ.

ಇಳಿದವನು ನಡುವಯಸ್ಸಿನವನು. ಒಪ್ಪವಾಗಿ ಬಾಚಿದ ತಲೆ. ಬೂಟು ಈ ಊರಿನ ಕೆಸರು ಕಂಡದ್ದಲ್ಲ. ಅಂಗಡಿಯ ಒಲೆಯ ಸುತ್ತ ಕಾಫಿ ಹೀರುತ್ತಿದ್ದ ಮುದುಕರು ಬಾಗಿಲ ಕಡೆ ತಿರುಗಿ ಕೂತರು. ಅವನು ನೇರ ಮಾರ್ಲಿಸ್‌ಳ ಬಳಿ ಬಂದು ದನಿ ತಗ್ಗಿಸಿದ.

"ಲೈಲ್ ಅವರ ಬಂದೂಕುಗಳು ನಿಮ್ಮ ಹತ್ರ ಇದಾವಾ?"

ಲೈಲ್ ಅವಳ ತಮ್ಮ. ತಾಯಿ ಸತ್ತ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಸೈನ್ಯದಿಂದ ಮರಳಿದವನು ನದಿಯಾಚೆ ಒಬ್ಬನೇ ಮನೆ ಮಾಡಿಕೊಂಡಿದ್ದ. ಈ ಸಲ ಬೇಟೆಯ ಕಾಲ ಶುರುವಾಗುವ ಹೊತ್ತಿಗೇ ತನ್ನ ಬಂದೂಕುಗಳನ್ನೆಲ್ಲ ತಂದು, ಸ್ವಲ್ಪ ದಿನ ನಿನ್ನ ಕಪಾಟಿನಲ್ಲಿರಲಿ ಎಂದಿದ್ದ. ಯಾಕೆಂದು ಅವಳು ಕೇಳಲಿಲ್ಲ. ಯಾರ ಬಳಿ ಯಾವ ಬಂದೂಕಿದೆ, ಯಾಕಿದೆ ಎಂದು ಆ ಊರಿನಲ್ಲಿ ಒಡಹುಟ್ಟಿದವರೂ ಕೇಳುವುದಿಲ್ಲ. ಅದು ವಾಷಿಂಗ್ಟನ್ನಿನವರ ಚಾಳಿ. ಹೊಸ ನಿಷೇಧ ಬರುತ್ತದೆಂಬ ಗಾಳಿಸುದ್ದಿಗೆ ಹೆದರಿದ್ದಾನೆ ಎಂದು ತಾನೇ ತೀರ್ಮಾನಿಸಿ ಸುಮ್ಮನಾಗಿದ್ದಳು.

ಹೊರಗೆ ಎರಡು ನಿಮಿಷ ಮಾತಾಡಬಹುದೇ ಎಂದು ಅವನು ಕೇಳಿದ.

"ಹೇಳೋದಿದ್ರೆ ಇಲ್ಲೇ ಹೇಳಿ. ಇವರೆಲ್ಲ ನಮ್ಮವರೇ."

"ಎಲ್ಲರ ಮುಂದೆ ಹೇಳೋ ವಿಷಯ ಅಲ್ಲ."

ಮಾರ್ಲಿಸ್ ಗೋಡೆಯ ಕಡೆ ಕೈ ತೋರಿಸಿದಳು. ರಾಜ್ಯದ ಕಾನೂನನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅಲ್ಲಿ ತೂಗುಹಾಕಿದ್ದಳು: ಕೇಂದ್ರದವರ ಬಂದೂಕು ನಿಷೇಧಕ್ಕೆ ಇಲ್ಲಿನ ಪೊಲೀಸರು ಕೈಜೋಡಿಸುವಂತಿಲ್ಲ. ಕಾನೂನು ಪೊಲೀಸರನ್ನಷ್ಟೇ ತಡೆಯುತ್ತಿತ್ತು. ಊರಿನವರು ಅದನ್ನು ವ್ರತದಂತೆ ತಾವೂ ಹಿಡಿದಿದ್ದರು.

ಅವನು ಓದಿ, ತನಗೆ ಆ ಕಾನೂನಿನ ಮೇಲೆ ತಕರಾರೇನೂ ಇಲ್ಲವೆಂದ. "ನಾನು ಲೈಲ್ ಅವರನ್ನ ನೋಡಿ ಬರ್ತೀನಿ. ಅಲ್ಲಿ ತನಕ ಅವು ಇಲ್ಲಿಂದ ಆಚೆ ಹೋಗಬಾರದು. ದಯವಿಟ್ಟು."

ದಯವಿಟ್ಟು ಎಂದರೂ ಅಪ್ಪಣೆ ಅಪ್ಪಣೆಯೇ. ಮಾರ್ಲಿಸ್‌ಳ ಮೈಯೆಲ್ಲ ಉರಿಯಿತು. ಅವನು ಲೈಲ್‌ನ ಮನೆಗೆ ದಾರಿ ಕೇಳಿದ. ಲೈಲ್ ಫೋನ್ ಎತ್ತುತ್ತಿಲ್ಲವಂತೆ, ಪೊಲೀಸರ ಶೆರಿಫ್ ಕಚೇರಿಯಲ್ಲೂ ಯಾರೂ ಬಾಯಿ ಬಿಡಲಿಲ್ಲವಂತೆ. ಆಗ ಒಲೆಯ ಬಳಿಯಿಂದ ಎದ್ದವನು ಹಾರ್ಲನ್. ಬಂದೂಕಿಗೆ ಅಡ್ಡಿಯಿಲ್ಲದ ಊರು ಬೇಕೆಂದೇ ಕ್ಯಾಲಿಫೋರ್ನಿಯಾದ ಮನೆ ಮಾರಿ ಬಂದವನು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಊರಿನವರಿಗಿಂತ ಹತ್ತು ಪಾಲು ಹೆಚ್ಚು ಊರಿನವನಾಗಿದ್ದ.

"ಹಳೇ ಗಣಿ ರಸ್ತೆ ಹಿಡೀರಿ ಸ್ವಾಮಿ. ರಸ್ತೆ ಮುಗಿಯೋವರೆಗೂ ಹೋಗ್ತಾ ಇರಿ, ಸಿಕ್ಕೇ ಸಿಗುತ್ತೆ."

ಆ ರಸ್ತೆಯ ತುದಿಯಲ್ಲಿ ಬಂಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಕಾರು ಬೆಟ್ಟದ ಕಡೆ ತಿರುಗಿದ್ದೇ ತಡ, ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರ್ಲಿಸ್ ನಗಲಿಲ್ಲ. ಅಂಗಡಿಗೆ ಪರವಾನಗಿ ಕೊಟ್ಟವರೂ ವಾಷಿಂಗ್ಟನ್ನಿನವರೇ. ಕಪಾಟು ತೆಗೆ ಎಂದರೆ ತೆಗೆಯಲೇಬೇಕು. ಆದರೆ ಲೈಲ್‌ನ ಮನೆಯ ಬಾಗಿಲು ಕೋರ್ಟಿನ ಆದೇಶವಿಲ್ಲದೆ ತೆರೆಯುವಂಥದ್ದಲ್ಲ. ನಾಲ್ಕು ಗೋಡೆಯ ನಡುವೆ ನಿದ್ದೆ ಬಾರದೆ ಅಂಗಳದಲ್ಲಿ ಮಲಗುವ ತಮ್ಮನನ್ನು ಇವರು ಆ ಬಂದೂಕುಗಳ ನೆಪದಲ್ಲಿ ಜೈಲಿಗೆ ಹಾಕಿದರೆ ಅವನು ಉಳಿಯುವುದಿಲ್ಲ. ಹಿಂಬಾಗಿಲಿನಿಂದ ಬಂದೂಕುಗಳನ್ನೆಲ್ಲ ತನ್ನ ಪಿಕಪ್ ಗಾಡಿಗೆ ಹೇರಿ, ಮೇಲೆ ಕಂಬಳಿ ಹೊದಿಸಿ ಹೊರಟಳು.

ಲೈಲ್ ಅಂಗಳದ ಮೆಟ್ಟಿಲ ಮೇಲೆ ಕೂತಿದ್ದ. ಗಡ್ಡ ಬೋಳಿಸಿದ್ದ. ಒಳಗೆ ಎಂದೂ ಇಲ್ಲದ ಓರಣ. ತೊಳೆದ ತಟ್ಟೆ ಬಟ್ಟಲು ಸಾಲಾಗಿ ಕೂತಿದ್ದವು. ಅಂತೂ ಹುಡುಗನಿಗೆ ಬುದ್ಧಿ ಬಂತು ಎಂದುಕೊಂಡಳು. ವಾಷಿಂಗ್ಟನ್ನಿನ ಕಾರಿನ ಸುದ್ದಿಯನ್ನು ಒಂದೇ ಉಸಿರಿಗೆ ಹೇಳಿ ಕಂಬಳಿ ಸರಿಸಿದಳು.

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಇವತ್ತೇ ಯಾಕೆ ತಂದೆ, ಅಕ್ಕಾ? ಇವತ್ತೊಂದಿನ ಅಲ್ಲೇ ಇರಲಿ."

"ಹೆದರಬೇಡ. ನಿನ್ನದು ನಿನ್ನ ಕೈಲೇ ಇರಬೇಕು. ಯಾವನು ಬಂದ್ರೂ ಕೊಡಬೇಡ."

"ನೀನೇ ಕೊಡ್ತಿದೀಯಲ್ಲ," ಎಂದ ಲೈಲ್, ಮೆಲ್ಲಗೆ. "ಸರಿ ಹಾಗಾದ್ರೆ."

ಇಬ್ಬರೂ ಸೇರಿ ಒಳಗಿಟ್ಟರು. ಹೊರಡುವಾಗ ಫ್ರಿಜ್ಜಿನಲ್ಲಿದ್ದ ಎಲ್ಕ್ ಜಿಂಕೆಯ ಮಾಂಸದ ಪೊಟ್ಟಣಗಳನ್ನೆಲ್ಲ ತಂದು ಗಾಡಿಯಲ್ಲಿಟ್ಟ. ನಿನಗೆ ಬೇಡವೇ ಎಂದರೆ, ನೀನೇ ತಿನ್ನು ಎಂದ. ಚಿಕ್ಕಂದಿನಲ್ಲಿ ಅಪ್ಪಿಕೊಳ್ಳುತ್ತಿದ್ದಂತೆ ಅಪ್ಪಿಕೊಂಡ. ಹಾದಿಯುದ್ದಕ್ಕೂ ಅವಳಿಗೆ ಎದೆ ತುಂಬಿ ಬಂದಿತ್ತು. ಒಂದು ಸರಕಾರವನ್ನೇ ಎದುರು ಹಾಕಿಕೊಂಡು ತಮ್ಮನನ್ನು ಕಾಪಾಡಿದ್ದಳು.

ಅವಳು ಮರಳುವಷ್ಟರಲ್ಲಿ ಮುದುಕರು ಊಟಕ್ಕೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಆ ಕಾರು ಮತ್ತೆ ಬಂತು, ಕನ್ನಡಿಯವರೆಗೂ ಕೆಸರು. ಅವನ ಬೂಟೂ ಈಗ ಊರಿನವರ ಬೂಟಿನಂತಾಗಿತ್ತು. ಬಾಗಿಲಲ್ಲೇ ಕೇಳಿದ: ಅವು ಇಲ್ಲೇ ಇವೆ ತಾನೆ?

ಮಾರ್ಲಿಸ್ ಖಾಲಿ ಕಪಾಟನ್ನು ಅಗಲಕ್ಕೆ ತೆರೆದು ತೋರಿಸಿದಳು.

"ಅವನ ಬಂದೂಕು ಅವನ ಮನೆ ಸೇರಿದೆ. ನಾನೇ ಕೈಯಾರ ಕೊಟ್ಟು ಬಂದೆ. ಅದೇನು ಕಿತ್ಕೋತೀರೋ ಕಿತ್ಕೊಳ್ಳಿ."

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಕಾರಿನ ಕೀಲಿಗಾಗಿ ಜೇಬು ತಡಕಾಡುತ್ತಲೇ ಮಾತಾಡಿದ.

"ನಾನು ಕೇಂದ್ರ ಸರಕಾರದ ಮಾಜಿ ಯೋಧರ ಆಸ್ಪತ್ರೆಯಿಂದ ಬಂದಿದೀನಮ್ಮ. ಬೆಳಿಗ್ಗೆ ಲೈಲ್ ಅವರೇ ಫೋನ್ ಮಾಡಿದ್ರು: ಇವತ್ತು ನನ್ನ ಮೇಲೆ ನನಗೇ ನಂಬಿಕೆ ಇಲ್ಲ, ನಾನೇ ಹೋಗಿ ಕಾಲು ಹಿಡಿದ್ರೂ ಅಕ್ಕ ಬಂದೂಕು ಕೊಡದ ಹಾಗೆ ನೋಡ್ಕೊಳ್ಳಿ ಅಂತ."