ವಿಮಾನದಲ್ಲಿ ಬೀಗರ ಉಪಚಾರ

ಕಾಲು ಚಾಚಿದರೆ ಹಾಸಿಗೆಯಾಗುವ ಸೀಟು, ಕೇಳಿದಾಗಲೆಲ್ಲ ಹಣ್ಣಿನ ರಸ. ಆದರೆ ವಿಮಾನದ ಆ ದುಬಾರಿ ಭಾಗಕ್ಕೆಲ್ಲ ಸೇರಿ ಇದ್ದದ್ದು ಒಂದೇ ಶೌಚಾಲಯ. ಮಕ್ಕಳ ಮದುವೆ ಮುಗಿಸಿದ ಬೀಗರು, ಹೆಂಡಂದಿರ ಜೊತೆ ಪ್ರವಾಸ ಹೊರಟಿದ್ದರು.

ಗ್ಲಾಸಿನ ಮೇಲೆ ಗ್ಲಾಸು ರಸ ಕುಡಿದಿದ್ದ ಹೆಣ್ಣಿನ ತಂದೆ ಎದ್ದು ಓಡಿದರು. ಶೌಚಾಲಯದ ಬಾಗಿಲಲ್ಲೇ ಗಂಡಿನ ತಂದೆ ನಿಂತಿದ್ದರು.

"ಬರ್ರಿ ಬೀಗರ, ನೀವು ಹೋಗ್ರಿ."

ಹೆಣ್ಣಿನ ತಂದೆಗೆ ಒಳಗೆ ಅಣೆಕಟ್ಟೆಯೇ ಒಡೆಯುವಂತಿತ್ತು. ಆದರೂ ಹಲ್ಲು ಕಚ್ಚಿ ನಕ್ಕರು.

"ಛೇ ಛೇ! ಗಂಡಿನ ಕಡಿಯವ್ರನ್ನ ನಿಲ್ಲಿಸಿ ನಾ ಮೊದಲ ಹೋಗೂದಾ? ನೀವು ನಡೀರಿ."

"ನನಗೇನೂ ಅವಸರಿಲ್ರಿ. ನಾನು ಈಗ..."

"ಏನೂ ಹೇಳಬ್ಯಾಡ್ರಿ. ನೀವು ಹೋಗದ ನಾ ಹೋಗಂಗಿಲ್ಲ!"

"ಅಲ್ರೀ, ನಿಮ್ಮ ಮಾರಿ ನೋಡಿದ್ರ..."

"ನನ್ನ ಮಾರಿ ಇರೂದ ಹಿಂಗ. ನಡೀರಿ, ನನ್ನಾಣಿ ಐತಿ!"

ಮದುವೆಯಲ್ಲಿ ಹೋಳಿಗೆ ಬಡಿಸಿದಷ್ಟೇ ಪ್ರೀತಿಯಿಂದ ಬೀಗರನ್ನು ಒಳಗೆ ತಳ್ಳಿ, ತಾವೇ ಬಾಗಿಲೆಳೆದು, ಹೆಣ್ಣಿನ ತಂದೆ ಒಂಟಿಕಾಲಲ್ಲಿ ಕುಣಿಯುತ್ತ ನಿಂತರು. ಒಳಗಿನಿಂದ ಸದ್ದೇ ಇಲ್ಲ. ಶಿವನಾಮ ಜಪಿಸಿದರು. ಕಾಲು ಬದಲಿಸಿದರು. ಬಾಗಿಲು ತೆರೆದದ್ದೇ ತಡ, ಒಳಗೆ ನುಗ್ಗಿದರು.

ಗಂಡಿನ ತಂದೆ ಸೀಟಿಗೆ ಮರಳಿದಾಗ ಹೆಂಡತಿ ಕೇಳಿದಳು, "ಯಾಕ್ರೀ, ಇಷ್ಟೊತ್ತು?"

"ಒಮ್ಮೆ ಮುಗಿಸಿ ಹೊರಗ ಬಂದಿದ್ದೆ. ಬೀಗರು ಅಷ್ಟು ಉಪಚಾರ ಮಾಡಿದ್ರು ನೋಡು, ಅವರ ಮನಸ್ಸು ಮುರೀಬಾರದಂತ ಇನ್ನೊಮ್ಮೆ ಒಳಗ ಹೋಗಿ ಸುಮ್ಮನ ನಿಂತು ಬಂದೆ."